ಗ್ರಹಣದ ರಾತ್ರಿ ಸೇರಿಸಿದ ಡೊಮೈನ್

2009ರ ಡಿಸೆಂಬರ್ 31, ರಾತ್ರಿ ಹನ್ನೊಂದೂವರೆ. ಹುಬ್ಬಳ್ಳಿಯ ಬೇಕರಿಗಳ ಮುಂದೆ ಕೇಕಿಗೆ ಜನ ಮುಗಿಬಿದ್ದಿದ್ದರು. ನಾನು ನಡುಮನೆಯಲ್ಲಿ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ನಮ್ಮ ಮೇಲ್ ಸರ್ವರ್‌ಗೆ ಹೊಸ ಡೊಮೈನ್ ಒಂದನ್ನು, ಅಂದರೆ ಇಮೇಲ್ ವಿಳಾಸದಲ್ಲಿ @ ಆದ ಮೇಲೆ ಬರುವ ಹೆಸರನ್ನು, ಸೇರಿಸುತ್ತಿದ್ದೆ. ಅವತ್ತು ಚಂದ್ರಗ್ರಹಣ ಬೇರೆ. ಮಧ್ಯರಾತ್ರಿ ಕಳೆದ ಮೇಲೆ ಹಿಡಿಯುವುದಿತ್ತು. ಅವ್ವ ಅಡುಗೆಮನೆಯಲ್ಲಿ ಉಪ್ಪಿನಕಾಯಿ ಭರಣಿ, ಹಾಲು, ಮೊಸರು ಎಲ್ಲದರ ಮೇಲೂ ಗರಿಕೆ ಇಟ್ಟು ಹೊರಗೆ ಬಂದಳು.

"ಗ್ರಹಣದ ಹೊತ್ನ್ಯಾಗ ಹೊಸಾ ಕೆಲಸ ಹಿಡಿಬಾರ್ದೋ. ನಾಳೆ ಮಾಡಿದ್ರ ಏನಾಕ್ಕೈತಿ?"

"ಹೊಸಾದಲ್ಲವ್ವಾ, ಹಳೇ ಸರ್ವರ್‌ಗೆ ಒಂದ್ ಹೆಸರು ಸೇರ್ಸಾಕತ್ತೀನಿ ಅಷ್ಟ."

ನಿಜವಾಗಿ ಅಷ್ಟೇ ಕೆಲಸ. ಹುಬ್ಬಳ್ಳಿಯ ಹಳೇ ಚಾಳ ನೋಡಿದವರಿಗೆ ವರ್ಚುವಲ್ ಡೊಮೈನ್ ಬೇಗ ಅರ್ಥವಾಗುತ್ತದೆ. ಚಾಳಕ್ಕೇ ಬೆಂಗಳೂರು ಕಡೆ ವಠಾರ ಅಂತಾರೆ. ಹೊರಗಿನಿಂದ ನೋಡಿದರೆ ಒಂದೇ ಬಾಗಿಲು, ಒಂದೇ ವಿಳಾಸ. ಒಳಗೆ ಹೋದರೆ ಇಪ್ಪತ್ತು ಸಂಸಾರ. ನಮ್ಮ ಸರ್ವರ್‌ನಲ್ಲಿ 23 ಡೊಮೈನ್ ಇದ್ದವು. ಒಬ್ಬ ಆಡಿಟರು, ಒಂದು ಪ್ರಿಂಟಿಂಗ್ ಪ್ರೆಸ್, ಪಂಪ್‌ಸೆಟ್ ಡೀಲರು, ಟ್ರಾವೆಲ್ಸ್‌ನವರು, ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿ, ಹೀಗೆ. ಯಾರಿಗೂ ಆ ಲಿನಕ್ಸ್ ಯಂತ್ರದಲ್ಲಿ ಸ್ವಂತ ಖಾತೆ ಇಲ್ಲ. ಡೊಮೈನ್ ಯಾವುದು, ಮೇಲ್‌ಬಾಕ್ಸ್ ಯಾವುದು, ಯಾವ ಹೆಸರಿಗೆ ಬಂದದ್ದು ಯಾರಿಗೆ ಹೋಗಬೇಕು ಅನ್ನುವುದೆಲ್ಲ ಮೈಎಸ್‌ಕ್ಯೂಎಲ್ ಅನ್ನುವ ಡೇಟಾಬೇಸಿನ ಮೂರು ಟೇಬಲ್‌ಗಳಲ್ಲಿ. ಪತ್ರ ಬಂದರೆ ಪೋಸ್ಟ್‌ಫಿಕ್ಸ್ ಅನ್ನುವ ಪ್ರೋಗ್ರಾಮ್ ಅಲ್ಲಿ ನೋಡಿ ಒಳಗೆ ಬಿಡುತ್ತದೆ, ಡವ್‌ಕಾಟ್ ಅನ್ನುವ ಇನ್ನೊಂದು ಅದನ್ನು ಆಯಾ ಫೋಲ್ಡರ್‌ನಲ್ಲಿ ಇಡುತ್ತದೆ. ಕಡತಗಳೆಲ್ಲ 5000 ನಂಬರಿನ ಒಬ್ಬನೇ ಬಳಕೆದಾರನ ಹೆಸರಲ್ಲಿ. ಚಾಳದ ಕೀಲಿ ಗೊಂಚಲು ಅವನ ಕೈಯಲ್ಲಿ ಅಂದುಕೊಳ್ಳಿ.

ಇದರಲ್ಲಿ ಎಲ್ಲರೂ ಒಮ್ಮೆಯಾದರೂ ಮಾಡುವ ತಪ್ಪು ಒಂದಿದೆ. ಪೋಸ್ಟ್‌ಫಿಕ್ಸ್‌ಗೆ 'ಇದು ನನ್ನದೇ ಮನೆ' ಅನ್ನುವ ಡೊಮೈನ್‌ಗಳ ಪಟ್ಟಿ ಬೇರೆ, ವರ್ಚುವಲ್ ಪಟ್ಟಿ ಬೇರೆ. ಒಂದೇ ಹೆಸರು ಎರಡರಲ್ಲೂ ಇರಬಾರದು. ಇದ್ದರೆ ಪೋಸ್ಟ್‌ಫಿಕ್ಸ್ ಮೇಲ್‌ಬಾಕ್ಸ್‌ಗಾಗಿ ಮೈಎಸ್‌ಕ್ಯೂಎಲ್ ಕಡೆ ತಿರುಗಿಯೂ ನೋಡದೆ, ಪತ್ರ ಯಾರಿಗೆ ಬಂದಿದೆಯೋ ಆ ಹೆಸರಿನ ಲಿನಕ್ಸ್ ಬಳಕೆದಾರ ಎಲ್ಲಿ ಅಂತ ಹುಡುಕುತ್ತದೆ. ಹೊಸ ಗಿರಾಕಿಯ ಡೊಮೈನನ್ನು ಪರೀಕ್ಷೆಗೆ ಅಂತ ಮೊದಲ ಪಟ್ಟಿಗೆ ಹಾಕಿದ್ದೆ. ಅವತ್ತು ರಾತ್ರಿ ಅದನ್ನು ತೆಗೆದೆ, ವರ್ಚುವಲ್ ಕಡೆ ಸೇರಿಸಿದೆ, ರೀಲೋಡ್ ಮಾಡಿದೆ, ಮಲಗಿದೆ.

ಬೆಳಗ್ಗೆ ಒಂಬತ್ತಕ್ಕೆ ಆಡಿಟರ ಫೋನು.

"ರಾತ್ರಿಯಿಂದ ಒಂದೂ ಮೇಲ್ ಬಂದಿಲ್ಲರೀ. ವರ್ಷದ ಮೊದಲನೇ ದಿನ ನಮಗ ಯಾರೂ ವಿಶ್ ಮಾಡ್ಲಿಲ್ಲೇನು?"

ಅವರಾದ ಮೇಲೆ ಪ್ರೆಸ್ಸಿನವರು. ಅವರಾದ ಮೇಲೆ ಟ್ರಾವೆಲ್ಸ್‌ನವರು. ಟ್ರಾವೆಲ್ಸ್ ಹುಡುಗ ಒಂದು ಮಾತು ಹೇಳಿದ: "ಅಮೆರಿಕಾದಿಂದ ಒಬ್ರುದು ಬಂದೈತ್ರಿ. ಬೆಂಗಳೂರಿಂದು ಬರವಲ್ದು." ಆ ಮಾತನ್ನು ನಾನು ಅಲ್ಲೇ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಯಾಕೆಂದರೆ ಕಳ್ಳ ಯಾರು ಅಂತ ನನಗೆ ಆಗಲೇ ಗೊತ್ತಾಗಿಬಿಟ್ಟಿತ್ತು: ರಾತ್ರಿ ಸೇರಿಸಿದ ಡೊಮೈನ್. ಪೂಜೆ ಮುಗಿಸಿ ಬಂದ ಅವ್ವ ಏನೂ ಕೇಳಲಿಲ್ಲ. ಸುಮ್ನೆ ನನ್ನ ಮುಖ ನೋಡಿ ಚಹಾ ಇಟ್ಟು ಹೋದಳು.

ಲಾಗ್, ಅಂದರೆ ಸರ್ವರ್ ತಾನೇ ಬರೆದಿಡುವ ದಿನಚರಿ, ನೋಡಿದೆ. ಬೆಂಗಳೂರಿನ ಪತ್ರ ಬಂದಿದೆ, ತಲುಪಿಸಲಾಗಿದೆ ಅಂತಿದೆ. ಮತ್ತೊಂದು, ಅದೂ ತಲುಪಿದೆ. ಗಿರಾಕಿ ಬಂದಿಲ್ಲ ಅಂತಾನೆ, ಸರ್ವರ್ ಕೊಟ್ಟಿದ್ದೇನೆ ಅನ್ನುತ್ತದೆ. ಸರಿ, ಟೇಬಲ್‌ನಲ್ಲಿ ಏನೋ ಎಡವಟ್ಟಾಗಿ ಒಬ್ಬರ ಪತ್ರ ಇನ್ನೊಬ್ಬರ ಮನೆಗೆ ಹೋಗುತ್ತಿರಬೇಕು ಅಂದುಕೊಂಡು ರಾತ್ರಿಯ ಕೆಲಸವನ್ನೆಲ್ಲ ಒಂದೊಂದಾಗಿ ವಾಪಸ್ ತೆಗೆದೆ. ಹೊಸ ಡೊಮೈನ್ ಅಳಿಸಿದೆ. ಹಳೇ ಕಾನ್ಫಿಗ್ ತಂದು ಇಟ್ಟೆ. ಒಂದು ಗಂಟೆ ಹೋಯಿತು. ಆಮೇಲೆ ಸರ್ವರ್‌ನ ಒಳಗಿನಿಂದಲೇ ಆಡಿಟರ ವಿಳಾಸಕ್ಕೆ ಒಂದು ಟೆಸ್ಟ್ ಮೇಲ್ ಕಳಿಸಿದೆ. ಬಂತು ಅಂದರು. ಪ್ರೆಸ್ಸಿನವರಿಗೆ ಕಳಿಸಿದೆ. ಬಂತು. ಗೆದ್ದೆ ಅಂದುಕೊಂಡು ಸ್ನಾನಕ್ಕೆ ಹೋದೆ.

ಬಂದು ನೋಡಿದರೆ ಆರು ಮಿಸ್ಡ್ ಕಾಲ್. ಇನ್ನೊಂದು ಟೆಸ್ಟ್ ಮೇಲ್ ಕಳಿಸಿದೆ. ಆಗ ಹನ್ನೊಂದು ಮೂವತ್ತೈದು. ಬರಲಿಲ್ಲ.

ಅರ್ಧ ಗಂಟೆ ಹಿಂದೆ ಬರುತ್ತಿದ್ದ ಅದೇ ಮೇಲ್, ಅದೇ ಕಮಾಂಡು. ನಡುವೆ ನಾನು ಕೀಬೋರ್ಡ್ ಮುಟ್ಟಿಲ್ಲ. ಆಗ ನಿಜವಾಗಿ ಹೆದರಿಕೆ ಆಯಿತು. ಆಡಿಟರ ಮೇಲ್‌ಬಾಕ್ಸ್ ಇರುವ ಫೋಲ್ಡರ್‌ಗೇ ಹೋಗಿ ಪಟ್ಟಿ ತೆಗೆದೆ. ಇನ್‌ಬಾಕ್ಸ್ ಖಾಲಿ. ಪಕ್ಕದ ಜಂಕ್ ಫೋಲ್ಡರ್ ತುಂಬಿ ತುಳುಕುತ್ತಿತ್ತು. ಶುಭಾಶಯಗಳು, ಬ್ಯಾಂಕಿನ ಪತ್ರ, ಗಿರಾಕಿಗಳ ಬ್ಯಾಲೆನ್ಸ್ ಶೀಟು, ನನ್ನ ಟೆಸ್ಟ್ ಮೇಲ್, ಎಲ್ಲ ಅಲ್ಲೇ. ಇವರೆಲ್ಲ ಔಟ್‌ಲುಕ್ ಎಕ್ಸ್‌ಪ್ರೆಸ್‌ನಲ್ಲಿ ಪಾಪ್ ಮೂಲಕ ಮೇಲ್ ಇಳಿಸಿಕೊಳ್ಳುವವರು. ಪಾಪ್‌ಗೆ ಇನ್‌ಬಾಕ್ಸ್ ಬಿಟ್ಟು ಬೇರೇನೂ ಕಾಣುವುದಿಲ್ಲ. ಸರ್ವರ್‌ನಲ್ಲಿ ಜಂಕ್ ಅನ್ನುವ ಕೋಣೆ ಇದೆ ಅಂತಲೇ ಅವರಿಗೆ ಗೊತ್ತಿಲ್ಲ.

ನನ್ನ ಟೆಸ್ಟ್ ಮೇಲ್‌ನ ಹೆಡರ್, ಅಂದರೆ ಪತ್ರದ ತಲೆಯಲ್ಲಿರುವ ವಿವರದ ಸಾಲುಗಳನ್ನು, ತೆರೆದೆ. ಸ್ಪ್ಯಾಮ್, ಅಂದರೆ ಬೇಡದ ಕಸದ ಮೇಲ್, ಹಿಡಿಯುವ ಪ್ರೋಗ್ರಾಮ್ ಸ್ಪ್ಯಾಮ್‌ಅಸಾಸಿನ್ ಪ್ರತಿ ಪತ್ರಕ್ಕೂ ಅಂಕ ಕೊಡುತ್ತದೆ. ಪರೀಕ್ಷೆಯಲ್ಲಿ ಅಂಕ ಜಾಸ್ತಿ ಬಂದಷ್ಟೂ ಒಳ್ಳೇದು, ಇಲ್ಲಿ ಉಲ್ಟಾ. ಅಂಕದ ಪಕ್ಕ ಯಾವ ಯಾವ ನಿಯಮಕ್ಕೆ ಸಿಕ್ಕಿಬಿದ್ದಿತು ಅಂತ ಹೆಸರು ಬರೆದಿರುತ್ತದೆ. ಎರಡು ಸಾಲಿನ ಆ ಬಡಪಾಯಿ ಪತ್ರಕ್ಕೆ ನಾಲ್ಕಕ್ಕಿಂತ ಜಾಸ್ತಿ ಬಿದ್ದಿತ್ತು. ಅದರಲ್ಲಿ ಮೂರು ಚಿಲ್ಲರೆ ಒಂದೇ ನಿಯಮದ್ದು. ಹೆಸರು ಎಫ್‌ಎಚ್ ಡೇಟ್ ಪಾಸ್ಟ್ 20ಎಕ್ಸ್‌ಎಕ್ಸ್. ಈ ಪತ್ರದ ತಾರೀಖು ತೀರಾ ಮುಂದಿನದು ಅಂತ ಅದರ ವಿವರಣೆ.

ಮುಂದಿನದಾ? ನಿಯಮದ ಕಡತ ಹುಡುಕಿ ತೆಗೆದೆ. ಒಂದೇ ಸಾಲು. ತಾರೀಖಿನ ಹೆಡರ್‌ನಲ್ಲಿ ಈ ಆಕಾರ ಕಂಡರೆ ಅಂಕ ಹಾಕು ಅಂತ:

20[1-9][0-9]

ಇಪ್ಪತ್ತು, ಆಮೇಲೆ ಒಂದರಿಂದ ಒಂಬತ್ತರ ಒಳಗಿನ ಒಂದು ಅಂಕಿ, ಆಮೇಲೆ ಯಾವುದಾದರೂ ಅಂಕಿ. 2009 ಇದಕ್ಕೆ ಸಿಗುವುದಿಲ್ಲ. 2010 ಸಿಗುತ್ತದೆ. ಸಾಲಿನ ಕೊನೆಗೆ, ತಾರೀಖೇ ಇಲ್ಲದಿದ್ದರೆ 2006 ಅಂತ ತಿಳಿದುಕೋ ಅಂತ ಇತ್ತು. ಇದನ್ನು ಬರೆದಾಗ 2010 ಎಷ್ಟು ದೂರ ಕಂಡಿರಬೇಕು ಅಂತ ಅದರಿಂದಲೇ ತಿಳಿಯಿತು. ನಿಯಮ ಹುಚ್ಚಾಟದ್ದಲ್ಲ ಬಿಡಿ. ಇನ್‌ಬಾಕ್ಸ್‌ನಲ್ಲಿ ಯಾವಾಗಲೂ ಮೇಲೆಯೇ ಕೂತಿರಲಿ ಅಂತ ಸ್ಪ್ಯಾಮ್ ಕಳಿಸುವವರು ಪತ್ರಕ್ಕೆ ಮುಂದಿನ ತಾರೀಖು ಹಾಕುತ್ತಿದ್ದರು. ಅವರನ್ನು ಹಿಡಿಯಲು ಮಾಡಿದ ಬೋನು ಅದು. 2010 ಬಂದೇ ಬರುತ್ತದೆ ಅನ್ನುವುದೊಂದು ಮರೆತುಹೋಗಿತ್ತು ಅಷ್ಟೆ.

ಟ್ರಾವೆಲ್ಸ್ ಹುಡುಗನ ಮಾತು ಆಗ ತಲೆಗೆ ಹೊಳೆಯಿತು. ನಮ್ಮ ಸರ್ವರ್ ಇದ್ದದ್ದು ಅಮೆರಿಕದ ಟೆಕ್ಸಾಸ್‌ನಲ್ಲಿ. ನಮಗೂ ಅಲ್ಲಿಗೂ ಹನ್ನೊಂದೂವರೆ ಗಂಟೆ ಅಂತರ. ಅಮೆರಿಕದವರ ಪತ್ರದಲ್ಲಿ ಇನ್ನೂ 2009ರ ಡಿಸೆಂಬರ್ ಇತ್ತು, ಸಲೀಸಾಗಿ ಬಂತು. ಬೆಂಗಳೂರಿನ ಪತ್ರದಲ್ಲಿ 2010, ಸಿಕ್ಕಿಬಿತ್ತು. ನನ್ನ ಟೆಸ್ಟ್ ಮೇಲ್ ಸರ್ವರ್‌ನ ಗಡಿಯಾರದ ತಾರೀಖು ಹೊತ್ತು ಹೋಗುತ್ತಿತ್ತು. ಹನ್ನೊಂದು ಗಂಟೆಗೆ ಅಲ್ಲಿ ಇನ್ನೂ ಹಳೇ ವರ್ಷ. ಹನ್ನೊಂದೂವರೆಗೆ, ನಾನು ಸ್ನಾನ ಮಾಡುತ್ತಿದ್ದಾಗ, ಟೆಕ್ಸಾಸ್‌ನಲ್ಲಿ ಹೊಸ ವರ್ಷ ಬಂತು.

ಸರಿ ಮಾಡುವುದು ಒಂದು ನಿಮಿಷದ ಕೆಲಸ. 1 ಅಳಿಸಿ 2 ಹಾಕಬಹುದಿತ್ತು. ಹಾಕಿದರೆ 2020ರಲ್ಲಿ ಮತ್ತೆ ಇದೇ ಫೋನುಗಳು. ಹಾಗಾಗಿ ಆ ನಿಯಮದ ಅಂಕವನ್ನೇ ಸೊನ್ನೆ ಮಾಡಿ ರೀಲೋಡ್ ಕೊಟ್ಟೆ. ಸ್ಪ್ಯಾಮ್‌ಅಸಾಸಿನ್‌ನವರ ತಿದ್ದುಪಡಿಯೂ ಅದೇ ದಿನ ಬಂತು. ಮುಂದಿನ ಆವೃತ್ತಿಯ ಕೋಡಿನಲ್ಲಿ ಇದನ್ನು ಮೊದಲೇ ಸರಿಪಡಿಸಿದ್ದರಂತೆ. ನಾವೆಲ್ಲ ಓಡಿಸುತ್ತಿದ್ದ 3.2ಕ್ಕೆ ಅದು ಇಳಿದುಬಂದಿರಲಿಲ್ಲ. ಪುಕ್ಕಟೆ ಕೆಲಸ ಮಾಡುವವರು, ಹಬ್ಬದ ದಿನ ಕೂತು ಸರಿ ಮಾಡಿಕೊಟ್ಟರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಬಾಯಿ ಬರದೇ ಇರಲು ಇನ್ನೊಂದು ಕಾರಣವೂ ಇತ್ತು. ಇಷ್ಟು ಅಂಕ ಮುಟ್ಟಿದರೆ ಸ್ಪ್ಯಾಮ್ ಅಂತ ಸ್ಪ್ಯಾಮ್‌ಅಸಾಸಿನ್ ತಾನಾಗಿ ಇಟ್ಟುಕೊಳ್ಳುವ ಗೆರೆ 5. ನಾನು ಅದನ್ನು ದೀಪಾವಳಿ ಹೊತ್ತಿಗೆ 4ಕ್ಕೆ ಇಳಿಸಿದ್ದೆ. "ನಮ್ಮ ಆಫೀಸ್‌ನಾಗ ಹೆಣ್ಮಕ್ಳು ಕೆಲಸ ಮಾಡ್ತಾರ್ರೀ, ಇಂಥಾ ಮೇಲ್ ಬಂದ್ರ ಹೆಂಗ?" ಅಂತ ಆಡಿಟರು ಎರಡು ಸಲ ಕೇಳಿದ್ದರು. ಗೆರೆ ಐದರಲ್ಲೇ ಇದ್ದಿದ್ದರೆ ನನ್ನ ಟೆಸ್ಟ್ ಮೇಲ್‌ನಂಥವು ಎಷ್ಟೋ ಇನ್‌ಬಾಕ್ಸ್ ಸೇರುತ್ತಿದ್ದವು. ಅದಕ್ಕಿಂತ ದೊಡ್ಡ ಪಾಪ ಬೇರೆ ಇತ್ತು. 7 ದಾಟಿದ ಪತ್ರವನ್ನು ಜಂಕ್‌ಗೂ ಹಾಕದೆ ಸದ್ದಿಲ್ಲದೆ ಅಳಿಸಿಬಿಡು ಅಂತ, ಆ ಅಂಕ ನೋಡಿ ಪತ್ರವನ್ನು ಏನು ಮಾಡಬೇಕು ಅಂತ ತೀರ್ಮಾನಿಸುವ ಪ್ರೋಗ್ರಾಮ್ ಅಮಾವಿಸ್‌ಗೆ ಹೇಳಿದ್ದೆ. ಡಿಸ್ಕ್ ತುಂಬುತ್ತಿತ್ತು ಅಂತ ಪ್ರತಿಯನ್ನೂ ಇಟ್ಟುಕೊಳ್ಳುತ್ತಿರಲಿಲ್ಲ.

ಜಂಕ್‌ನಲ್ಲಿದ್ದವನ್ನು ಮಧ್ಯಾಹ್ನದೊಳಗೆ ಇನ್‌ಬಾಕ್ಸ್‌ಗೆ ದಾಟಿಸಿದೆ. ಸಣ್ಣ ಸ್ಕ್ರಿಪ್ಟ್: ಅಂಕದಿಂದ ಆ ಮೂರು ಚಿಲ್ಲರೆ ಕಳೆ, ಉಳಿದದ್ದು ನಾಲ್ಕರೊಳಗಿದ್ದರೆ ವಾಪಸ್ ಕಳಿಸು. ಅಳಿಸಿಹೋದವನ್ನು ಏನು ಮಾಡುವುದು? ಲಾಗ್‌ನಲ್ಲಿ ಒಂದೊಂದು ಸಾಲು ಮಾತ್ರ ಉಳಿದಿತ್ತು. ಯಾರಿಂದ, ಯಾರಿಗೆ, ಎಷ್ಟು ಹೊತ್ತಿಗೆ, ಎಷ್ಟು ಅಂಕ. ಊಟ ಬಿಟ್ಟು ಕೂತು ಕಣ್ಣಲ್ಲೇ ಆರಿಸಿದೆ. ಔಷಧಿ, ಲಾಟರಿ, ನಕಲಿ ಗಡಿಯಾರ ಮಾರುವವರ ಸಾವಿರಾರು ಸಾಲಿನ ನಡುವೆ ನಿಜವಾದ ಮನುಷ್ಯರದ್ದು ಅನ್ನಿಸುವಂಥವು ಹತ್ತೊಂಬತ್ತು ಸಿಕ್ಕವು. ಅದರಲ್ಲೊಂದು ಕೊಚ್ಚಿಯಿಂದ ಬ್ಯಾಡಗಿಗೆ. ಅಂಕ 7.1.

ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. ಆ ಬಣ್ಣವನ್ನು ಹಿಂಡಿ ತೆಗೆಯುವ ಕಾರ್ಖಾನೆಗಳು ಕೊಚ್ಚಿ ಕಡೆ ಇವೆ. ಜನವರಿ ಅಂದರೆ ಹೊಸ ಮಾಲು ಬರುವ ಕಾಲ. ಸೋಮವಾರದ ಮಾರುಕಟ್ಟೆಗೆ ಎಷ್ಟು ಕ್ವಿಂಟಲ್ ಹಿಡಿಯಬೇಕು ಅನ್ನುವುದು ಶುಕ್ರವಾರದ ಆ ಮೇಲ್‌ನಲ್ಲಿ ಇರುತ್ತದೆ. ಫೋನ್ ಮಾಡುವ ಮೊದಲು ಎರಡು ಲೋಟ ನೀರು ಕುಡಿದೆ.

"ಸಾವಕಾರ್ರ, ಬೆಳಿಗ್ಗೆ ಹತ್ತಕ್ಕ ಕೊಚ್ಚಿಯಿಂದ ನಿಮಗೊಂದು ಮೇಲ್ ಬಂದಿತ್ರಿ."

"ಬಂದಿತ್ತಂದ್ರ? ಎಲ್ಲೈತಿ?"

"ಇಲ್ಲರಿ. ಸ್ಪ್ಯಾಮ್ ಅಂತ ತಿಳಿದು ಫಿಲ್ಟರ್ ಒಗದಬಿಟ್ಟೈತಿ."

"ಒಗಿ ಅಂತ ಅದಕ್ಕ ಹೇಳಿದವ್ರು ಯಾರು?"

"ನಾನ ರೀ."

ಆ ಕಡೆ ಸ್ವಲ್ಪ ಹೊತ್ತು ಬರೀ ತಕ್ಕಡಿಯ ಸದ್ದು.

"ಪೋಸ್ಟಮ್ಯಾನ್ ಪತ್ರಾ ತಂದು ನಮ್ಮ ಬಾಗಿಲ ಮುಂದ ಹರದ ಒಗದ್ರ ನೀ ಏನಂತಿ ತಮ್ಮಾ?"

ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಅವರಿಗೆ ಗೊತ್ತಿಲ್ಲದೇ ಅವರು ಎಸ್‌ಎಂಟಿಪಿಯ, ಅಂದರೆ ಸರ್ವರ್‌ಗಳು ಮೇಲ್ ಕೊಟ್ಟು ತೆಗೆದುಕೊಳ್ಳುವ ಕಟ್ಟಳೆಯ, ಬುಡಕ್ಕೇ ಕೈ ಹಾಕಿದ್ದರು. ಕಳಿಸುವ ಸರ್ವರ್‌ಗೆ ನಮ್ಮ ಸರ್ವರ್ 250 ಅಂತ ಉತ್ತರ ಕೊಟ್ಟಿತೆಂದರೆ, ಪತ್ರ ಇನ್ನು ನನ್ನ ಹೊಣೆ ಅಂತ ಮಾತು ಕೊಟ್ಟ ಹಾಗೆ. ಕೊಚ್ಚಿಯವರಿಗೆ 250 ಸಿಕ್ಕಿತ್ತು. ತಲುಪಿದೆ ಅಂತ ಅವರು ನಿಶ್ಚಿಂತೆಯಿಂದ ಇದ್ದರು. ಅಮಾವಿಸ್ ಪತ್ರ ಓದುತ್ತಿದ್ದದ್ದು 250 ಹೇಳಿ ಆದ ಮೇಲೆ. ಆಗ ಬೇಡ ಅಂತ ವಾಪಸ್ ಕಳಿಸುವ ಹಾಗೂ ಇಲ್ಲ, ಯಾಕೆಂದರೆ ಸ್ಪ್ಯಾಮ್‌ನಲ್ಲಿ ಕಳಿಸಿದವರ ವಿಳಾಸ ಸಾಮಾನ್ಯವಾಗಿ ಕದ್ದದ್ದು. ವಾಪಸ್ ಕಳಿಸಿದ್ದು ಏನೂ ಅರಿಯದ ಮೂರನೆಯವನ ತಲೆ ಮೇಲೆ ಬೀಳುತ್ತದೆ. ಹಾಗಾಗಿ ಬೇಡ ಅನ್ನುವುದಿದ್ದರೆ ಬಾಗಿಲಲ್ಲೇ ಅನ್ನಬೇಕು. ಒಳಗೆ ಕರೆದ ಮೇಲೆ ಎಲ್ಲಾದರೂ ಕೂರಿಸಲೇಬೇಕು.

ಸಂಜೆ ಆರಾದರೂ ನಾನು ಎದ್ದಿರಲಿಲ್ಲ. ಅವ್ವ ದೀಪ ಹಚ್ಚಿ ಬಂದು ಕೇಳಿದಳು: "ಚಂದ್ರಂಗ ಬಿಟ್ಟು ಎಷ್ಟ್ ಹೊತ್ತಾತು. ನಿಂದಿನ್ನೂ ಬಿಟ್ಟಿಲ್ಲೇನು?"

ರಾತ್ರಿ ಗೆರೆಯನ್ನು ಮತ್ತೆ 5ಕ್ಕೆ ತಂದೆ. ಅಳಿಸುವುದನ್ನು ನಿಲ್ಲಿಸಿ, ಜಾಸ್ತಿ ಅಂಕದವನ್ನು ಮೂವತ್ತು ದಿನ ಬೇರೆ ಕಡೆ ಇಡುವ ಹಾಗೆ ಮಾಡಿದೆ. ಅದಕ್ಕೆ ಡಿಸ್ಕ್ ಬೇಕಲ್ವಾ, ಬಾಗಿಲಲ್ಲಿ ಕಾವಲು ಬಿಗಿ ಮಾಡಿದೆ. ಗ್ರೇಲಿಸ್ಟಿಂಗ್ ಹಾಕಿದೆ. ಗುರುತಿಲ್ಲದವನು ಮೊದಲ ಸಲ ಬಂದರೆ 450, ಅಂದರೆ ಆಮೇಲೆ ಬಾ ಅನ್ನುವುದು. ನಿಜವಾದ ಸರ್ವರ್ ಐದು ಹತ್ತು ನಿಮಿಷ ಬಿಟ್ಟು ಮತ್ತೆ ಬರುತ್ತದೆ. ಸ್ಪ್ಯಾಮ್ ಎರಚುವ ಯಂತ್ರಕ್ಕೆ ಅಷ್ಟು ಪುರುಸೊತ್ತು ಇಲ್ಲ. ಪ್ರೆಸ್ಸಿನವರ ಡೊಮೈನ್‌ನಲ್ಲಿ, ಯಾವ ಹೆಸರಿಗೆ ಬಂದರೂ ಮಾಲೀಕರ ಪೆಟ್ಟಿಗೆಗೆ ಅನ್ನುವ ಏರ್ಪಾಡಿತ್ತು. ಲಕ್ಷ್ಮಿ ಅನ್ನುವ ಹೆಸರನ್ನು ಇಂಗ್ಲಿಷಿನಲ್ಲಿ ಅರ್ಧ ಜನ ಕೆ-ಎಸ್-ಎಚ್ ಹಾಕಿ ಬರೆಯುತ್ತಾರೆ, ಅರ್ಧ ಜನ ಎಕ್ಸ್ ಹಾಕಿ. ಅದಕ್ಕಾಗಿ ಮಾಡಿದ್ದು. ಸುಳ್ಳು ಹೆಸರುಗಳಿಗೆ ಬರುವ ಕಸವೆಲ್ಲ ಅಲ್ಲೇ ಬೀಳುತ್ತಿತ್ತು. ಅದನ್ನು ತೆಗೆದು ಲಕ್ಷ್ಮಿಗೆ ಎರಡೂ ಸ್ಪೆಲ್ಲಿಂಗ್‌ನ ಎರಡು ಅಲಿಯಾಸ್, ಅಂದರೆ ಒಂದೇ ಪೆಟ್ಟಿಗೆಗೆ ಹೋಗುವ ಬದಲಿ ಹೆಸರು, ಕೊಟ್ಟೆ. ಗ್ರಹಣದ ರಾತ್ರಿಯ ಡೊಮೈನನ್ನೂ ಮತ್ತೆ ಸೇರಿಸಿದೆ. ಅದರದ್ದೇನೂ ತಪ್ಪಿರಲಿಲ್ಲ, ಪಾಪ.

ಶನಿವಾರ ಬೆಳಗ್ಗೆ ಕೊಚ್ಚಿಯ ಪತ್ರ ಎರಡನೇ ಸಲ ಬಂತು. ನಾನು ಲಾಗ್ ತೆರೆದುಕೊಂಡೇ ಕೂತಿದ್ದೆ. ಮೊದಲು 450. ಎಂಟು ನಿಮಿಷದ ಮೇಲೆ ಮತ್ತೆ ಬಂತು, 250. ಅಂಕ 3.9. ವಿಷಯದ ಸಾಲನ್ನು ಪೂರ್ತಿ ದೊಡ್ಡಕ್ಷರದಲ್ಲಿ ಬರೆದಿದ್ದರು, ಅದಕ್ಕೂ ಅಂಕ ಬಿದ್ದಿತ್ತು. ಇನ್‌ಬಾಕ್ಸ್‌ನಲ್ಲಿ ಕೂತದ್ದನ್ನು ಕಣ್ಣಾರೆ ನೋಡಿ ಬ್ಯಾಡಗಿಗೆ ಫೋನ್ ಹಚ್ಚಿದೆ.

"ಸಾವಕಾರ್ರ, ಮೇಲ್ ಬಂತ್ರಿ."

"ಗೊತ್ತೈತಿ ತಮ್ಮಾ. ಕೊಚ್ಚಿಯವ್ರು ಆಗಲೇ ಫೋನ್ ಮಾಡಿ ಪೂರಾ ಓದಿ ಹೇಳ್ಯಾರ."