ತುಪ್ಪದ ಕಲಬೆರಕೆ: ಒಂದೇ ಅಂಕಿ ಸಾಲದು

ತುಪ್ಪಕ್ಕೆ ಸಕ್ಕರೆ, ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಕುಲುಕಿ, ಕೆಂಪಾಗದಿದ್ದರೆ ಶುದ್ಧ ಎಂದು ತೋರಿಸುವ ವಿಡಿಯೋಗಳಿಗೆ ಬರವಿಲ್ಲ. ಇದು ಬೌಡೂಯಿನ್ ಪರೀಕ್ಷೆಯ ಅಡುಗೆಮನೆ ರೂಪ. ಹಿಡಿಯುವುದು ಎಳ್ಳೆಣ್ಣೆಯನ್ನು ಮಾತ್ರ. ವನಸ್ಪತಿಗೆ (ಡಾಲ್ಡಾ ಬಗೆಯ ಗಟ್ಟಿಯಾಗಿಸಿದ ಎಣ್ಣೆಗೆ) ಕನಿಷ್ಠ ಶೇ 5 ಎಳ್ಳೆಣ್ಣೆ ಸೇರಿಸಲೇಬೇಕೆಂಬ ನಿಯಮ ಬಂದದ್ದೇ ಈ ಕೆಂಪಿಗಾಗಿ. ವನಸ್ಪತಿಯ ಬದಲು ನೇರ ಪಾಮ್ ಎಣ್ಣೆ ಸುರಿದವನ ತುಪ್ಪ ಇಲ್ಲಿ ಸಲೀಸಾಗಿ ಪಾಸು. ಲ್ಯಾಬಿನಲ್ಲಿ ಸಕ್ಕರೆ ಬದಲು ಫರ್ಫ್ಯೂರಲ್ ಎಂಬ ರಾಸಾಯನಿಕ ಬಳಸುತ್ತಾರೆ. ಕೆಲವು ಬಣ್ಣಗಳು ಬರೀ ಆಮ್ಲಕ್ಕೇ ಕೆಂಪಾಗುವುದರಿಂದ, ಫರ್ಫ್ಯೂರಲ್ ಇಲ್ಲದ ಇನ್ನೊಂದು ಟ್ಯೂಬು ಪಕ್ಕದಲ್ಲಿರಲೇಬೇಕು.

ಇನ್ನೊಂದು ಪರೀಕ್ಷೆ ಬಿಆರ್ ರೀಡಿಂಗ್: ಕರಗಿದ ತುಪ್ಪದಲ್ಲಿ ಬೆಳಕು ಎಷ್ಟು ಬಾಗುತ್ತದೆ ಎಂಬುದನ್ನು ಬ್ಯುಟಿರೊ-ರಿಫ್ರಾಕ್ಟೋಮೀಟರ್ ಎಂಬ ಉಪಕರಣದಲ್ಲಿ ಓದುವುದು. ಎರಡು ನಿಮಿಷದ ಕೆಲಸ. 40 ಡಿಗ್ರಿಯಲ್ಲಿ ತುಪ್ಪಕ್ಕೆ ಸಾಮಾನ್ಯವಾಗಿ 40ರಿಂದ 43. ಒಂದು ಡಿಗ್ರಿ ಏರುಪೇರಾದರೆ 0.55 ವ್ಯತ್ಯಾಸ ಬರುತ್ತದೆ. ಹರಳುಗಟ್ಟಿದ ತುಪ್ಪವನ್ನು ಮೇಲಿಂದ ಒಂದು ಚಮಚ ತೆಗೆದರೆ ಮೋಸ ಹೋದಂತೆಯೇ: ಹರಳೇ ಬೇರೆ, ದ್ರವವೇ ಬೇರೆ. ಡಬ್ಬಿ ಪೂರ್ತಿ ಕರಗಿಸಿ, ಕಲಕಿ, ಸೋಸಿ ತೆಗೆಯಬೇಕು. ಆದರೂ ಇದನ್ನು ಯಾಮಾರಿಸುವುದು ಸುಲಭ. ಕೊಬ್ಬರಿ ಎಣ್ಣೆ ಸುಮಾರು 35, ಶೇಂಗಾ ಎಣ್ಣೆ ಸುಮಾರು 55. ಎರಡನ್ನೂ 65:35 ಬೆರೆಸಿದರೆ 42!

ಅಲ್ಲಿಂದ ಮುಂದಿನದು ಆರ್‌ಎಂ (ರೈಷರ್ಟ್-ಮೈಸ್ಲ್) ಮೌಲ್ಯ: ಆವಿಯಾಗುವ, ನೀರಿನಲ್ಲಿ ಕರಗುವ ಆಮ್ಲಗಳ ಅಳತೆ. ತುಪ್ಪದಲ್ಲಿರುವ ಬ್ಯುಟಿರಿಕ್ ಆಮ್ಲ ಆವಿಯಾಗುತ್ತದೆ, ನೀರಿನಲ್ಲಿ ಕರಗುತ್ತದೆ. ಮಾಮೂಲಿ ಅಡುಗೆ ಎಣ್ಣೆಗಳಲ್ಲಿ ಅದಿಲ್ಲ. 5 ಗ್ರಾಂ ತುಪ್ಪಕ್ಕೆ 20 ಗ್ರಾಂ ಗ್ಲಿಸರಾಲ್, 2 ಮಿ.ಲೀ. ಶೇ 50ರ ಕಾಸ್ಟಿಕ್ ಸೋಡಾ ದ್ರಾವಣ ಹಾಕಿ, ನೊರೆ ನಿಂತು ದ್ರವ ತಿಳಿಯಾಗುವವರೆಗೆ ಕಾಯಿಸಿ ಸಾಬೂನಾಗಿಸಬೇಕು. ಅರೆಬರೆ ಸಾಬೂನಾದರೆ ಅಂಕಿ ಇಳಿದು, ಒಳ್ಳೆಯ ತುಪ್ಪವೂ ಫೇಲಾಗುತ್ತದೆ. ತುಸು ಆರಿಸಿ ಬಿಸಿನೀರು, ಗಂಧಕಾಮ್ಲ ಸೇರಿಸಿ 19ರಿಂದ 21 ನಿಮಿಷದಲ್ಲಿ ಸರಿಯಾಗಿ 110 ಮಿ.ಲೀ. ಬಟ್ಟಿ ಇಳಿಸಬೇಕು. ಈ ವೇಗ ತಪ್ಪಿದರೆ, ಗಾಜಿನ ಉಪಕರಣದ ಅಳತೆ ಬೇರೆಯಿದ್ದರೆ ಲೆಕ್ಕವೂ ತಪ್ಪು. ಅದನ್ನು ತಣಿಸಿ, ಸೋಸಿ, 100 ಮಿ.ಲೀ.ಯನ್ನು 0.1 ನಾರ್ಮಲ್ ಕ್ಷಾರದಿಂದ ಟೈಟ್ರೇಟ್ ಮಾಡಿ (ಆಮ್ಲ ತಟಸ್ಥವಾಗಲು ಎಷ್ಟು ಮಿ.ಲೀ. ಕ್ಷಾರ ಬೇಕೆಂದು ಅಳೆದು), ಬ್ಲ್ಯಾಂಕ್ (ತುಪ್ಪವಿಲ್ಲದೆ ಹೀಗೇ ಮಾಡಿದಾಗ ಬರುವ ಅಂಕಿ) ಕಳೆದು 1.1ರಿಂದ ಗುಣಿಸಿ.

ಅಗ್‌ಮಾರ್ಕ್ ಸಾಮಾನ್ಯ ಪ್ರದೇಶದ ತುಪ್ಪಕ್ಕೆ ಕನಿಷ್ಠ 28 ಆರ್‌ಎಂ ಕೇಳುತ್ತದೆ. ಮೊದಲೇ 32 ಇರುವ ತುಪ್ಪಕ್ಕೆ ಶೇ 10 ಪಾಮ್ ಎಣ್ಣೆ ಬೆರೆಸಿದರೂ 28.8 ಉಳಿಯುತ್ತದೆ, ಪಾಸು! ಹತ್ತಿಬೀಜ ತಿಂದ ಹಸುವಿನ ಶುದ್ಧ ತುಪ್ಪವೇ 28ಕ್ಕಿಂತ ಕೆಳಗಿಳಿಯುವುದುಂಟು. ಹತ್ತಿ ಬೆಳೆಯುವ ಪ್ರದೇಶಗಳಿಗೆ ಮಿತಿ ಬೇರೆ ಇಟ್ಟಿರುವುದು ಅದಕ್ಕೇ.

ಕೊಬ್ಬರಿ ಎಣ್ಣೆಯನ್ನು ಪೋಲೆನ್ಸ್ಕೆ ಅಂಕಿ (ಆವಿಯಾಗುವ, ಆದರೆ ನೀರಿನಲ್ಲಿ ಕರಗದ ಆಮ್ಲಗಳ ಅಳತೆ) ಹಿಡಿದುಕೊಡುತ್ತದೆ. ಉಳಿದ ಸಸ್ಯ ಎಣ್ಣೆಗಳಿಗೆ ಸ್ಟೆರಾಲ್ ಪರೀಕ್ಷೆಯೇ ಗಟ್ಟಿ: ತುಪ್ಪದಲ್ಲಿರುವುದು ಕೊಲೆಸ್ಟರಾಲ್, ಗಿಡದ ಎಣ್ಣೆಯಲ್ಲಿ ಬೀಟಾ-ಸಿಟೋಸ್ಟೆರಾಲ್. ಆದರೆ ಪ್ರಾಣಿ ಕೊಬ್ಬಿನಲ್ಲೂ ಇರುವುದು ಕೊಲೆಸ್ಟರಾಲೇ. ಅದನ್ನು ಬೆರೆಸಿದ್ದರೆ ಸ್ಟೆರಾಲ್ ಪರೀಕ್ಷೆ ಕೈ ಚೆಲ್ಲುತ್ತದೆ. ಆಗ ಗ್ಯಾಸ್ ಕ್ರೊಮ್ಯಾಟೊಗ್ರಫಿಯಲ್ಲಿ ಟ್ರೈಗ್ಲಿಸರೈಡ್ (ಕೊಬ್ಬಿನ ಅಣುಗಳು) ಅಳೆದು, ಅವುಗಳ ಪ್ರಮಾಣದಿಂದ ಬೇರೆ ಕೊಬ್ಬನ್ನು ಗುರುತಿಸುವ ಎಸ್-ಮೌಲ್ಯ ಲೆಕ್ಕ ಹಾಕಬೇಕು. ಅದೂ ಒಂದೇ ಹಸುವಿನ ಹಾಲಿನ ತುಪ್ಪವಾದರೆ, ಅಥವಾ ಹಸುವಿಗೆ ಎಣ್ಣೆ ವಿಪರೀತ ತಿನ್ನಿಸಿದ್ದರೆ, ಸುಳ್ಳು ಹೇಳಬಹುದು.