ಚರ್ಮದಲ್ಲಿ ಆಪ್ಸಿನ್ ಸಿಕ್ಕರೆ ಸಾಲದು, ಅದು ಬೆಳಕು ಹಿಡಿಯಬೇಕು

ಕಣ್ಣಿನ ರೆಟಿನಾದಲ್ಲಿ ಬೆಳಕು ಗ್ರಹಿಸುವ ಆಪ್ಸಿನ್ ಪ್ರೋಟೀನುಗಳ ಬಳಗ ಮನುಷ್ಯರ ಚರ್ಮದಲ್ಲೂ ಇದೆ. ಆದರೆ ‘ಚರ್ಮಕ್ಕೂ ಕಣ್ಣಿದೆ’ ಎಂದುಬಿಡುವುದು ಅವಸರದ ಮಾತು. ಆಪ್ಸಿನ್ ತಾನಾಗಿಯೇ ಬೆಳಕನ್ನು ಹಿಡಿಯಲಾರದು. ಎ ವಿಟಮಿನ್‌ನಿಂದ ತಯಾರಾಗುವ ರೆಟಿನಾಲ್ಡಿಹೈಡ್ ಎಂಬ ಅಣು ಅದರ ಏಳನೇ ಸುರುಳಿಯಲ್ಲಿರುವ ಲೈಸಿನ್ ಎಂಬ ಅಮೈನೋ ಆಮ್ಲಕ್ಕೆ ಅಂಟಿಕೊಂಡಿರಬೇಕು. ಬೆಳಕು ಬಿದ್ದಾಗ ಬಾಗಿದ ಈ ಅಣು ನೆಟ್ಟಗಾಗುತ್ತದೆ, ಪ್ರೋಟೀನಿನ ಆಕಾರ ಬದಲಾಗುತ್ತದೆ, ಸಂಕೇತ ಹೊರಡುತ್ತದೆ.

ಮೆಲನೋಸೈಟ್‌ಗಳ, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ವಿಷಯದಲ್ಲಿ ಗಟ್ಟಿ ಪುರಾವೆ ಬಂದದ್ದು 2011ರಲ್ಲಿ, ಬ್ರೌನ್ ವಿಶ್ವವಿದ್ಯಾಲಯದಿಂದ. ಯುವಿಎ, ಅಂದರೆ ಉದ್ದ ಅಲೆಯ ನೇರಳಾತೀತ ಕಿರಣ, ಬಿದ್ದಾಗ ಕೋಶದೊಳಗೆ ಕ್ಯಾಲ್ಸಿಯಂ ಏರಿತು, ಅದಕ್ಕೆ ರೆಟಿನಾಲ್ಡಿಹೈಡ್ ಬೇಕೇಬೇಕಿತ್ತು, ಸುಮಾರು ಒಂದು ಗಂಟೆಯಲ್ಲೇ ಮೆಲನಿನ್ ಎಂಬ ಬಣ್ಣದ ವಸ್ತು ಹೆಚ್ಚತೊಡಗಿತು. ಇನ್ನೊಂದು ಆಪ್ಸಿನ್, ಒಪಿಎನ್3, ಇಷ್ಟು ಸರಳವಲ್ಲ. ಅದು 415 ನ್ಯಾನೊಮೀಟರ್ ನೀಲಿ ಬೆಳಕನ್ನು ಗ್ರಹಿಸಿ ಬಣ್ಣ ಗಾಢವಾಗಿಸುತ್ತದೆ ಎಂದು 2018ರ ಅಧ್ಯಯನವೊಂದು ಹೇಳಿತು. 2019ರ ಮತ್ತೊಂದು ಅಧ್ಯಯನದ ಪ್ರಕಾರ ಅದು ಬೆಳಕಿನ ಹಂಗಿಲ್ಲದೆ ಮೆಲನಿನ್ ತಯಾರಿಕೆಗೆ ಕಡಿವಾಣ ಹಾಕುತ್ತದೆ. ಈ ತಕರಾರು ಇತ್ಯರ್ಥವಾದಂತೆ ಬರೆಯುವುದು ತಪ್ಪು.

ಪ್ರಯೋಗ ಹಾದಿ ತಪ್ಪುವುದು ಹೆಚ್ಚಾಗಿ ಕೋಶಗಳನ್ನು ಬೆಳೆಸುವ ಕಲ್ಚರ್ ತಟ್ಟೆಯಲ್ಲೇ. ಮೀಡಿಯಾದಲ್ಲಿ, ಅಂದರೆ ಕೋಶಗಳಿಗೆ ಆಹಾರವಾದ ದ್ರವದಲ್ಲಿ, ಇರುವ ರೈಬೋಫ್ಲೇವಿನ್ (ಬಿ2 ವಿಟಮಿನ್) ನೀಲಿ ಬೆಳಕಿಗೆ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ಕೋಶ ಅದಕ್ಕೆ ಪ್ರತಿಕ್ರಿಯಿಸಿದರೆ ಆಪ್ಸಿನ್ ಕೆಲಸ ಮಾಡಿತೆಂದು ನಾವು ನಂಬಿಬಿಡುತ್ತೇವೆ. ಆದ್ದರಿಂದ ಬೆಳಕು ಹಾಯಿಸುವ ಮೊದಲು ಮೀಡಿಯಾ ತೆಗೆದು ಲವಣದ ಬಫರ್ ಹಾಕಬೇಕು. ರೆಟಿನಾಲ್ಡಿಹೈಡ್ ಸೇರಿಸುವ ಕೆಲಸ ಮಂದ ಕೆಂಪು ಬೆಳಕಿನಲ್ಲೇ ಆಗಬೇಕು. ಡೋಸ್ ಲೆಕ್ಕ ಸುಲಭ: ಚದರ ಸೆಂಟಿಮೀಟರಿಗೆ 50 ಮಿಲಿವಾಟ್ ದೀಪವನ್ನು 1,000 ಸೆಕೆಂಡು ಹಚ್ಚಿದರೆ 50 ಜೂಲ್. ಇಷ್ಟು ಹೊತ್ತಿನಲ್ಲಿ ತಟ್ಟೆ ಬಿಸಿಯಾಗುವುದರಿಂದ, ಕತ್ತಲಲ್ಲಿಟ್ಟ ಇನ್ನೊಂದು ತಟ್ಟೆಯನ್ನೂ ಅಷ್ಟೇ ಬಿಸಿ ಮಾಡಿ ಹೋಲಿಸಬೇಕು. ಕೊನೆಗೆ ಆಪ್ಸಿನ್ ಜೀನನ್ನು ಅಡಗಿಸಿದಾಗ ಪರಿಣಾಮ ಮಾಯವಾಗಬೇಕು. ಈ ಪರೀಕ್ಷೆಯಿಲ್ಲದ ಫಲಿತಾಂಶವನ್ನು ನಾನು ಒಪ್ಪುವುದಿಲ್ಲ. ಆರ್‌ಎನ್‌ಎ ಸಿಕ್ಕ ಮಾತ್ರಕ್ಕೆ ಪ್ರೋಟೀನ್ ಇದೆ ಎನ್ನಲಾಗದು, ಪ್ರೋಟೀನ್ ಗುರುತಿಸಲು ಬಳಸುವ ಆಂಟಿಬಾಡಿ ಬೇರೆ ಪ್ರೋಟೀನಿಗೂ ಅಂಟಬಹುದು.

ಯಾವ ಪ್ರೋಟೀನ್ ಕಾರಣ ಎಂಬ ವಾದ ಏನೇ ಇರಲಿ, ಕಣ್ಣಿಗೆ ಕಾಣುವ ಬೆಳಕೂ ಕಂದು ಚರ್ಮವನ್ನು ಕಪ್ಪಾಗಿಸುತ್ತದೆ ಎಂಬುದು ಖಚಿತ. ಸನ್‌ಸ್ಕ್ರೀನ್ ಮೇಲಿನ ಎಸ್‌ಪಿಎಫ್ ಅಂಕಿ ಇದನ್ನು ಅಳೆಯುವುದಿಲ್ಲ, ಅದು ಮುಖ್ಯವಾಗಿ ಯುವಿಬಿ ಎಂಬ ಗಿಡ್ಡ ಅಲೆಯ ನೇರಳಾತೀತ ಕಿರಣದಿಂದ ಚರ್ಮ ಕೆಂಪಾಗುವುದನ್ನಷ್ಟೇ ಲೆಕ್ಕ ಹಾಕುತ್ತದೆ. ಮೆಲಾಸ್ಮಾ, ಅಂದರೆ ಮುಖದ ಮೇಲೆ ಕಂದು ಕಲೆಗಳು, ಇರುವವರು ಐರನ್ ಆಕ್ಸೈಡ್ ಸೇರಿಸಿದ, ಬಣ್ಣವಿರುವ ಸನ್‌ಸ್ಕ್ರೀನ್ ಹಚ್ಚಬೇಕು.