ಮಾರ್ಕರಣ್ಣನ ಪೂರ್ತಿ ವಿಳಾಸ

ಮೂರು ವಾರದಿಂದ ನಮ್ಮ ಅಡುಗೆಮನೆಯ ಫ್ರಿಜ್ಜಿನ ಬಾಗಿಲಿಗೆ ಒಂದು ಕಾರ್ಡು ಅಂಟಿಕೊಂಡಿತ್ತು. ಅದರಲ್ಲಿ ಇದ್ದದ್ದು ಎರಡೇ ಪ್ರಶ್ನೆ. ನಿಮಗೆ ಆಟ ಕಲಿಸಿದವರು ಯಾರು? ಯಾವ ಊರಿನಲ್ಲಿ, ಯಾವ ಮೇಜಿನ ಮೇಲೆ? ಎರಡನೆಯದಕ್ಕೆ ಅಂದೇ ಬರೆದುಬಿಟ್ಟೆ: ಹಾಸನ, ಬಿ.ಎಂ. ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಮಹಡಿ, ಬಾಗಿಲಿಗೆ ಹತ್ತಿರದ ಮೇಜು. ಮೊದಲನೆಯ ಸಾಲು ಖಾಲಿ ಉಳಿಯಿತು. ಕಲಿಸಿದವರು ಯಾರೆಂದು ಗೊತ್ತು, ಮುಖ ಗೊತ್ತು, ಕೆಮ್ಮು ಕೂಡ ಗೊತ್ತು. ಹೆಸರು ಮಾತ್ರ ಗೊತ್ತಿಲ್ಲ. ನಾವೆಲ್ಲ ಅವರನ್ನು ಮಾರ್ಕರಣ್ಣ ಎನ್ನುತ್ತಿದ್ದೆವು. ಅದು ಹೆಸರಲ್ಲ, ಕೆಲಸ. ಬಿಲಿಯರ್ಡ್ಸ್ ಮೇಜಿನ ಪಕ್ಕ ನಿಂತು ಅಂಕ ಬರೆಯುವವನು, ಚೆಂಡು ಜೋಡಿಸುವವನು, ಮೇಜಿನ ಬಟ್ಟೆ ಉಜ್ಜುವವನು ಮಾರ್ಕರ್.

ನಾನಿರುವುದು ಅಮೆರಿಕದ ಒಹಾಯೊ ರಾಜ್ಯದ ಒಂದು ಸಣ್ಣ ಊರಿನಲ್ಲಿ. ಸುತ್ತ ಕಣ್ಣು ಹಾಯುವಷ್ಟು ದೂರ ಮುಸುಕಿನ ಜೋಳ. ಅಮೆರಿಕ ಎಂದರೆ ಗಗನಚುಂಬಿ ಕಟ್ಟಡ ಎಂದುಕೊಂಡ ನಮ್ಮ ದೊಡ್ಡಮ್ಮನಿಗೆ ವಿಡಿಯೊ ಕರೆಯಲ್ಲಿ ತೋರಿಸಿದಾಗ, ‘ಇದನ್ನು ನೋಡಲು ಅಷ್ಟು ದೂರ ಹೋಗಬೇಕಿತ್ತೇ, ಅರಸೀಕೆರೆ ಕಡೆ ಇರಲಿಲ್ಲವೇ’ ಎಂದಿದ್ದರು. ಈ ಊರಿನ ಮುಖ್ಯ ಬೀದಿಯಲ್ಲಿ ಒಂದು ಪೂಲ್ ರೂಮ್ ಇದೆ; ಪೂಲ್ ಎಂದರೆ ಬಿಲಿಯರ್ಡ್ಸ್ ಜಾತಿಯದೇ ಇನ್ನೊಂದು ಆಟ. ಹನ್ನೊಂದು ಮೇಜು, ಹಿಂದೆ ಒಂದು ಪುಟ್ಟ ಅಡುಗೆಕಟ್ಟೆ. ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ, ಕಚೇರಿ ಬಿಟ್ಟರೆ ಮನೆ, ಮನೆ ಬಿಟ್ಟರೆ ಕಚೇರಿ ಎಂದು ಬೇಸತ್ತು ಒಂದು ಸಂಜೆ ಅದರ ಬಾಗಿಲು ತಳ್ಳಿದೆ.

ಒಳಗೆ ಮಾನ ಹೋಯಿತು. ನಾನು ಕಲಿತದ್ದು ಹನ್ನೆರಡು ಅಡಿ ಉದ್ದದ ಸ್ನೂಕರ್ ಮೇಜಿನ ಮೇಲೆ. ಅದರ ಉಣ್ಣೆಯ ಬಟ್ಟೆಗೆ ಒಂದೇ ಕಡೆ ಮಲಗಿದ ನವಿರಾದ ಜುಂಗು ಇರುತ್ತದೆ, ಚೆಂಡು ಅದನ್ನು ತುಳಿದುಕೊಂಡು ಹೋಗಬೇಕು. ಇಲ್ಲಿಯ ಪೂಲ್ ಮೇಜು ಒಂಬತ್ತು ಅಡಿ, ಬಟ್ಟೆಗೆ ಜುಂಗು ಇಲ್ಲ, ನುಣ್ಣಗೆ. ಹಾಸನದ ಲೆಕ್ಕದಲ್ಲಿ ಹೊಡೆದ ಮೊದಲ ಏಟಿಗೆ ಬಿಳಿ ಚೆಂಡು ಮೇಜನ್ನು ಎರಡು ಸುತ್ತು ಹಾಕಿ, ಯಾವ ಚೆಂಡನ್ನೂ ಮುಟ್ಟದೆ, ನೇರವಾಗಿ ಪಾಕೆಟ್ಟಿಗೆ ಬಿದ್ದಿತು. ಪಕ್ಕದ ಮೇಜಿನ ಮುದುಕರೊಬ್ಬರು ನಗಲಿಲ್ಲ. ಎದ್ದು ಬಂದು ನನ್ನ ಕೈಯನ್ನು ನೋಡಿ, ‘ಸ್ನೂಕರ್ ಆಡಿದ ಕೈ. ಎಲ್ಲಿ ಕಲಿತೆ?’ ಎಂದರು. ಈ ದೇಶದಲ್ಲಿ ನನ್ನ ಬಗ್ಗೆ ಯಾರಾದರೂ ಸರಿಯಾಗಿ ಊಹಿಸಿದ್ದು ಅದೇ ಮೊದಲು.

ಆ ಮುದುಕರಿಂದಲೇ ನನಗೆ ಇಲ್ಲಿಯ ಕಥೆಗಳೆಲ್ಲ ತಿಳಿದದ್ದು. ಇದೇ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ 1954ರ ಮಾರ್ಚ್ ತಿಂಗಳಲ್ಲಿ ವಿಲ್ಲಿ ಮೊಸ್ಕೋನಿ ಎಂಬ ಪೂಲ್ ಆಟಗಾರರು ಒಂದು ಪ್ರದರ್ಶನ ಪಂದ್ಯದಲ್ಲಿ ಒಂದೂ ತಪ್ಪದೆ ಸಾಲಾಗಿ 526 ಚೆಂಡು ಪಾಕೆಟ್ಟಿಗೆ ಹಾಕಿದರಂತೆ. ನೋಡಿದ ಜನ ನಿಜವೆಂದು ಸಹಿ ಹಾಕಿಕೊಟ್ಟ ಪತ್ರವೇ ಆ ದಾಖಲೆಗೆ ಆಧಾರ. 2019ರಲ್ಲಿ ಜಾನ್ ಶ್ಮಿಟ್ 626 ಹಾಕುವ ತನಕ, ಅರವತ್ತೈದು ವರ್ಷ ಅದು ಅಲುಗಲಿಲ್ಲ. ಪ್ರತಿಯಾಗಿ ನಾನು, ಸ್ನೂಕರ್ ಹುಟ್ಟಿದ್ದೇ ನಮ್ಮ ದೇಶದಲ್ಲಿ ಎಂದೆ. 1875ರಲ್ಲಿ ಜಬಲ್ಪುರದಲ್ಲಿ ಮಳೆಗಾಲ ಕಳೆಯಲಾಗದ ಬ್ರಿಟಿಷ್ ಸೇನಾಧಿಕಾರಿ ನೆವಿಲ್ ಚೇಂಬರ್ಲಿನ್ ಕಟ್ಟಿದ ಆಟ ಅದು, ನಿಯಮಗಳು ಗಟ್ಟಿಯಾದದ್ದು ಊಟಿಯ ಕ್ಲಬ್ಬಿನಲ್ಲಿ. (ಮುಂದೆ ಪ್ರಧಾನಿಯಾದ ಚೇಂಬರ್ಲಿನ್ ಬೇರೆ.) ಮಳೆಗೆ ಬೇಸತ್ತು ಆಟ ಕಟ್ಟಿದ ಎಂದರೆ ಮಲೆನಾಡಿನವರಿಗೆ ವಿವರಣೆ ಬೇಕಿಲ್ಲ, ಒಹಾಯೊದವರಿಗೆ ಬೇಕಾಯಿತು. ಸಕಲೇಶಪುರ, ಆಲೂರಿನ ಕಡೆ ಆನೆಗಳು ಭತ್ತದ ಗದ್ದೆಗೆ ಇಳಿಯುತ್ತವೆ ಎಂದು ಹೇಳಿದಾಗ ಮುದುಕರು ಥಟ್ಟನೆ, ‘ಆನೆಗೂ ಈ ಮೇಜಿಗೂ ಹಳೆಯ ಸಾಲ ಇದೆ’ ಎಂದರು. ಹಿಂದೆ ಚೆಂಡುಗಳನ್ನು ದಂತದಿಂದಲೇ ಕಡೆಯುತ್ತಿದ್ದರು, ಒಂದು ದಂತಕ್ಕೆ ಕೆಲವೇ ಚೆಂಡು. ಕೊನೆಗೆ ದಂತಕ್ಕೆ ಬದಲಿ ವಸ್ತು ಹುಡುಕಿದವರಿಗೆ ಹತ್ತು ಸಾವಿರ ಡಾಲರ್ ಬಹುಮಾನ ಎಂದು ನ್ಯೂಯಾರ್ಕಿನ ವ್ಯಾಪಾರಿಗಳು ಸಾರಿದರು. ಜಾನ್ ವೆಸ್ಲಿ ಹಯಾತ್ ಸೆಲ್ಯುಲಾಯ್ಡ್‌ವರೆಗೆ ಬಂದದ್ದು ಆ ಹುಡುಕಾಟದಲ್ಲಿಯೇ. ನಮ್ಮ ಪ್ಲಾಸ್ಟಿಕ್ ಬಕೆಟ್ಟಿನ ಮುತ್ತಜ್ಜ ಬಿಲಿಯರ್ಡ್ಸ್ ಚೆಂಡು.

ಈಗ ಕಾರ್ಡಿನ ವಿಷಯಕ್ಕೆ ಬರುತ್ತೇನೆ. ಅದನ್ನು ಕೊಟ್ಟವರು ಈ ಪೂಲ್ ರೂಮಿನವರೇ. ಈ ಪೂಲ್ ರೂಮಿನ ಉತ್ತರದ ಗೋಡೆಯ ಮೇಲೆ ಎರಡು ಮರದ ಹಲಗೆಗಳಿವೆ. ಒಂದರಲ್ಲಿ ಊರಿನ ಆಟಗಾರರ ಹೆಸರು, ಇನ್ನೊಂದರಲ್ಲಿ ಮೇಜು ಇಟ್ಟು ನಡೆಸಿದವರ ಹೆಸರು. ವರ್ಷಕ್ಕೊಂದು ಶನಿವಾರ ಸಂಜೆ ಸೇರಿ ಹೊಸ ಹಿತ್ತಾಳೆಯ ಪಟ್ಟಿ ಹೊಡೆಯುತ್ತಾರೆ. ದೇಶದ ಮಟ್ಟದಲ್ಲಿ ಇಂಥ ಗೌರವ 1966ರಿಂದಲೇ ಇದೆ, ಅಲ್ಲಿ ವಿಶ್ವ ಚಾಂಪಿಯನ್ನರು. ಇಲ್ಲಿಯ ಹಲಗೆಯಲ್ಲಿ ಇರುವವರು ಶಾಲಾ ಬಸ್ಸಿನ ಚಾಲಕಿ, ಕಾರ್ಖಾನೆಯಿಂದ ನಿವೃತ್ತರಾದವರು, ಪಕ್ಕದ ಊರಿನ ಕ್ಷೌರಿಕರು. ಪಕ್ಕದ ಜಿಲ್ಲೆ ದಾಟಿ ಇವರ ಹೆಸರು ಯಾರಿಗೂ ಗೊತ್ತಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡನೆಯ ಹಲಗೆ. ಪೂಲ್ ರೂಮ್ ನಡೆಸುವುದು ಇಲ್ಲಿಯೂ ಮರ್ಯಾದಸ್ತರ ದಂಧೆ ಎನಿಸಿಕೊಂಡಿರಲಿಲ್ಲ. ಆ ಪದದ ಮೂಲವೇ ಅಂಥದ್ದು: ಪೂಲ್ ಎಂದರೆ ಬಾಜಿಗೆ ಕೂಡಿಸಿದ ಹಣ. ಕುದುರೆ ಜೂಜಿನ ಕಟ್ಟೆಗಳಿಗೆ ಪೂಲ್ ರೂಮ್ ಎನ್ನುತ್ತಿದ್ದರು, ಒಂದು ರೇಸಿಗೂ ಇನ್ನೊಂದು ರೇಸಿಗೂ ನಡುವೆ ಹೊತ್ತು ಕಳೆಯಲು ಅಲ್ಲಿ ಬಿಲಿಯರ್ಡ್ಸ್ ಮೇಜು ಹಾಕಿದರು, ಜೂಜಿನ ಕೆಟ್ಟ ಹೆಸರು ಮೇಜಿಗೆ ಅಂಟಿಕೊಂಡಿತು. ಆ ಕೆಟ್ಟ ಹೆಸರು ಹೊತ್ತುಕೊಂಡು, ಬಾಡಿಗೆ ಕಟ್ಟಿ, ಬಟ್ಟೆ ಬದಲಿಸಿ, ಬಟ್ಟೆಯಡಿಯ ಕಲ್ಲಿನ ಹಾಸು ಮಟ್ಟ ಮಾಡಿಸಿ, ರಾತ್ರಿ ಹನ್ನೆರಡರವರೆಗೆ ದೀಪ ಹಚ್ಚಿಟ್ಟವರಿಗೆ ಒಂದು ಹಲಗೆ. ಈ ವರ್ಷ ಅದರ ಮೇಲೆ ಏರಿದ್ದು ಗಂಡ ತೀರಿಕೊಂಡ ಮೇಲೆ ಇಪ್ಪತ್ತೆರಡು ವರ್ಷ ಈ ರೂಮನ್ನು ತಾವೇ ನಡೆಸಿದ ಅಜ್ಜಿಯ ಹೆಸರು.

ನಾನು ನಮ್ಮ ಕಡೆಯ ಸನ್ಮಾನ ಸಮಾರಂಭದ ಅಂದಾಜಿನಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದೆ. ಮೈಸೂರು ಪೇಟ ಇಲ್ಲ, ಶಾಲಿಲ್ಲ, ಹಣ್ಣಿನ ಬುಟ್ಟಿ ಇಲ್ಲ, ಎರಡು ಗಂಟೆ ತಡವಾಗಿ ಬಂದು ದೀಪ ಹಚ್ಚುವ ಮುಖ್ಯ ಅತಿಥಿಯೂ ಇಲ್ಲ. ಕಾಗದದ ತಟ್ಟೆಯಲ್ಲಿ ಹುರುಳಿಯಂಥ ಕಾಳು ಹಾಕಿದ ಖಾರದ ಸಾರು, ಜೊತೆಗೆ ಜೋಳದ ಬ್ರೆಡ್ಡು. ಒಬ್ಬರು ಎದ್ದು ಅಜ್ಜಿಯ ಬಗ್ಗೆ ಎರಡು ಮಾತು ಹೇಳಿದರು: ಪರೀಕ್ಷೆಯ ದಿನಗಳಲ್ಲಿ ಶಾಲೆಯ ಹುಡುಗರನ್ನು ಬಾಗಿಲಿನಿಂದಲೇ ವಾಪಸು ಕಳುಹಿಸುತ್ತಿದ್ದರು, ಮನೆಯಲ್ಲಿ ಜಗಳವಾಡಿ ಬಂದವರಿಗೆ ಒಂದು ಗಂಟೆಯ ಬಾಡಿಗೆ ಬಿಡುತ್ತಿದ್ದರು. ಅಜ್ಜಿ ಎದ್ದು ‘ಆ ಬಾಕಿ ಯಾರಾರದು ಎಂದು ನನಗೆ ನೆನಪಿದೆ’ ಎಂದು ಕುಳಿತುಬಿಟ್ಟರು. ಅಷ್ಟೇ ಭಾಷಣ. ಪೇಟ ಇಲ್ಲದ್ದು ನನಗೇನೋ ಕೊರತೆಯೇ ಅನಿಸಿತು, ಸುಳ್ಳು ಹೇಳುವುದಿಲ್ಲ. ಆ ಅಜ್ಜಿಗೆ ಪೇಟ ಬಹಳ ಒಪ್ಪುತ್ತಿತ್ತು.

ಸನ್ಮಾನವೆಂದ ಕೂಡಲೇ ನನಗೆ ಮೈಕಲ್ ಫೆರೇರಾ ನೆನಪಾಗುತ್ತಾರೆ. ಬಿಲಿಯರ್ಡ್ಸ್ ವಿಶ್ವ ಚಾಂಪಿಯನ್ ಆಗಿದ್ದ ಅವರು 1981ರಲ್ಲಿ ಪದ್ಮಶ್ರೀ ಬೇಡವೆಂದರು. ಸುನಿಲ್ ಗಾವಸ್ಕರ್ ಅವರಿಗೆ ಪದ್ಮಭೂಷಣ ಕೊಟ್ಟಿರುವಾಗ ತನಗೇಕೆ ಅದಕ್ಕಿಂತ ಕೆಳಗಿನದು ಎಂಬುದು ಅವರ ವಾದ. 1983ರಲ್ಲಿ ಪದ್ಮಭೂಷಣವೇ ಬಂತು. ಅದೇ ವರ್ಷ ಕಪಿಲ್ ದೇವ್ ಎತ್ತಿದ ವಿಶ್ವಕಪ್ಪು ನಮಗೆಲ್ಲ ಬಾಯಿಪಾಠ. ಅದಕ್ಕೂ ಇಪ್ಪತ್ತೈದು ವರ್ಷ ಮೊದಲು, 1958ರಲ್ಲಿ, ಕಲ್ಕತ್ತೆಯಲ್ಲಿ ವಿಲ್ಸನ್ ಜೋನ್ಸ್ ಬಿಲಿಯರ್ಡ್ಸ್ ವಿಶ್ವ ಚಾಂಪಿಯನ್ ಆದರು ಎಂಬುದು ಎಷ್ಟು ಜನಕ್ಕೆ ಗೊತ್ತು? ನನಗೆ ಗೊತ್ತಿದೆ, ಏಕೆಂದರೆ ಮಾರ್ಕರಣ್ಣ ಮೇಜಿಗೆ ಬ್ರಷ್ ಎಳೆಯುತ್ತ ಅದನ್ನು ಹೇಳುತ್ತಿದ್ದರು, ಪುರಾಣ ಹೇಳುವವರ ಹಾಗೆ.

ತೊಂಬತ್ತರ ದಶಕದ ಹಾಸನ. ನನಗೆ ಹದಿನೈದು. ಆ ಮಹಡಿಯ ಮೇಲಿನ ಸ್ನೂಕರ್ ಪಾರ್ಲರ್ ಎಂದರೆ ಊರಿನ ಅಪ್ಪಂದಿರ ಲೆಕ್ಕದಲ್ಲಿ ಹುಡುಗರು ಕೆಡುವ ಜಾಗ. ನಮ್ಮಪ್ಪ ಅಂಚೆ ಕಚೇರಿಯಲ್ಲಿ ಕೌಂಟರ್ ಗುಮಾಸ್ತರು, ಮಾತು ಕಡಿಮೆ, ಕಣ್ಣು ಜಾಸ್ತಿ. ಹೆದರಿಕೆಯಿಂದಲೇ ಹೋಗುತ್ತಿದ್ದೆ. ಮಾರ್ಕರಣ್ಣ ಹಿಂದೆ ಮಲೆನಾಡಿನ ಕಡೆ ಕಾಫಿ ಪ್ಲಾಂಟರುಗಳ ಕ್ಲಬ್ಬೊಂದರಲ್ಲಿ ಕೆಲಸ ಮಾಡಿ ಬಂದವರು. ಆ ಕ್ಲಬ್ಬಿನ ಮೇಜನ್ನು ಹದಿನಾಲ್ಕು ವರ್ಷ ತೊಡೆದವರು ಅಲ್ಲಿ ಒಂದು ಫ್ರೇಮ್ ಕೂಡ ಆಡುವ ಹಾಗಿರಲಿಲ್ಲ, ಸದಸ್ಯರು ಹೊರಟ ಮೇಲೆ, ಬಟ್ಟೆ ಸರಿಯಾಗಿದೆಯೇ ಎಂದು ಪರೀಕ್ಷಿಸುವ ನೆಪದಲ್ಲಿ ಹೊಡೆದದ್ದಷ್ಟೇ. ಆ ನೆಪದಲ್ಲಿಯೇ ಒಂದೇ ಸರದಿಯಲ್ಲಿ ನೂರು ಅಂಕ ದಾಟಿಸಿದ್ದೇನೆ ಎನ್ನುತ್ತಿದ್ದರು. ನಂಬುತ್ತಿದ್ದೆವು.

ಕಲಿಸುವಾಗ ಚೆಂಡು ಹೊಡೆಯುವ ಕೋಲು, ಕ್ಯೂ, ಕೊಡುತ್ತಿರಲಿಲ್ಲ, ಮೊದಲು ಬ್ರಷ್. ಆಟ ಶುರುವಾಗುವ ತುದಿಯಿಂದ ಕಪ್ಪು ಚೆಂಡಿನ ತುದಿಯ ಕಡೆಗೆ ಮಾತ್ರ ಎಳೆಯಬೇಕು, ಬೆಕ್ಕಿನ ಮೈ ಸವರಿದ ಹಾಗೆ. ಎದುರು ಎಳೆದರೆ ಬಟ್ಟೆಗೆ ಸಿಟ್ಟು ಬರುತ್ತದೆ. ಜುಲೈ ತಿಂಗಳ ಮಳೆಯಲ್ಲಿ ಬಟ್ಟೆ ತೇವ ಹೀರಿ ಚೆಂಡು ಕೆಸರಿನಲ್ಲಿ ಹೋದಂತೆ ಹೋಗುತ್ತಿತ್ತು. ಆಗ ಅವರು ಇಸ್ತ್ರಿ ಪೆಟ್ಟಿಗೆಯನ್ನು ಹದವಾಗಿ ಕಾಯಿಸಿ, ಹಳೆಯ ಪತ್ರಿಕೆಯ ಮೇಲೆ ಇಟ್ಟು ನೋಡಿ, ಕಾಗದ ಕಂದಲಿಲ್ಲವೆಂದು ಖಾತ್ರಿಯಾದ ಮೇಲೆ ಮೇಜಿಗೆ ಇಸ್ತ್ರಿ ಮಾಡುತ್ತಿದ್ದರು. ಒದ್ದೆ ಉಣ್ಣೆಯ ಆ ವಾಸನೆ ನನಗೆ ಇನ್ನೂ ಮೂಗಿನಲ್ಲಿದೆ. ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ ಊರಿಗೆ ಊರೇ ದರ್ಶನದ ಸಾಲಿನಲ್ಲಿ, ಪಾರ್ಲರ್ ಖಾಲಿ. ನನ್ನ ಪಾಠವೆಲ್ಲ ನಡೆದದ್ದು ಆಗ. ‘ಚೆಂಡು ಹಾಕುವುದು ಮುಖ್ಯವಲ್ಲ, ಬಿಳಿಯದು ಎಲ್ಲಿ ಬಂದು ಕೂರುತ್ತದೆ ಹೇಳು’ ಎನ್ನುವರು. ಹೇಳಿದ ಜಾಗಕ್ಕಿಂತ ಒಂದು ಗೇಣು ಆಚೆ ಹೋದರೆ ಮತ್ತೆ ಬ್ರಷ್. ಹಣ ಕಟ್ಟಿ ಆಡುವವರ ಮೇಜಿನ ಹತ್ತಿರ ಮಾತ್ರ ಸುಳಿಯಗೊಡಲಿಲ್ಲ. ಮನೆಗೆ ಹೋಗುವ ಮುನ್ನ ಮಹಾರಾಜ ಪಾರ್ಕಿನ ಹತ್ತಿರದ ನಲ್ಲಿಯಲ್ಲಿ ಕ್ಯೂ ತುದಿಗೆ ಹಚ್ಚಿ ಬೆರಳಿಗೆ ಅಂಟಿದ ನೀಲಿ ಚಾಕ್ ತೊಳೆದುಕೊಳ್ಳುತ್ತಿದ್ದೆ. ಅಪ್ಪನ ಕಣ್ಣು ತಪ್ಪಿಸಿದೆನೆಂದು ಮೂವತ್ತು ವರ್ಷ ಹೆಮ್ಮೆಪಟ್ಟವನು ನಾನು.

ಹೆಸರು ಹುಡುಕಲು ಹಾಸನದಲ್ಲಿಯೇ ಉಳಿದಿರುವ ಗೆಳೆಯನಿಗೆ ಫೋನ್ ಮಾಡಿದೆ. ಅವನು ಆ ಮಹಡಿ ಹತ್ತಿ ನೋಡಿದ. ಈಗ ಅಲ್ಲಿ ಮೊಬೈಲ್ ರಿಪೇರಿ. ಕೆಳಗಿನ ಬೇಕರಿಯವರಿಗೂ ‘ಮಾರ್ಕರ್’ ಎಂದರೆ ನೆನಪಿದೆ, ಬನ್ನು ಟೀ ಬಾಕಿ ಉಳಿಸದ ಮನುಷ್ಯ ಎಂದರಂತೆ, ಹೆಸರು ಅವರಿಗೂ ಗೊತ್ತಿಲ್ಲ. ಪಾರ್ಲರಿನ ಮಾಲೀಕರು ಬೆಂಗಳೂರಿಗೆ ಹೋದರು ಎಂಬಲ್ಲಿಗೆ ದಾರಿ ನಿಂತಿತು. ಆ ಮಾಲೀಕರನ್ನು ನಾವು ಯಾರೂ ಸರಿಯಾಗಿ ನೋಡಿಯೇ ಇರಲಿಲ್ಲ. ತಿಂಗಳಿಗೊಮ್ಮೆ ಸ್ಕೂಟರಿನಲ್ಲಿ ಬಂದು ಪುಸ್ತಕ ನೋಡಿ ಹೋಗುತ್ತಿದ್ದರು. ಆ ಸಣ್ಣ ಊರಿನಲ್ಲಿ, ಆ ಕಾಲದಲ್ಲಿ, ಅಷ್ಟು ದೊಡ್ಡ ಮೇಜು ತಂದು ಮಹಡಿಗೆ ಏರಿಸಿದರಲ್ಲ, ಕಲ್ಲಿನ ಹಾಸನ್ನು ಎಷ್ಟು ಜನ ಹೊತ್ತರೋ, ಎಷ್ಟು ನಷ್ಟವಾಯಿತೋ. ಇಲ್ಲಿಯ ಎರಡನೆಯ ಹಲಗೆ ನೋಡುವ ತನಕ ಅವರೂ ಲೆಕ್ಕಕ್ಕೆ ಬರುತ್ತಾರೆಂದು ನನಗೆ ತೋಚಿರಲಿಲ್ಲ.

ಕಡೆಗೆ, ಭಾನುವಾರದ ಮಾಮೂಲು ಕರೆಯಲ್ಲಿ, ಐವತ್ತರ ಹತ್ತಿರ ಬಂದವನಿಗೆ ಇನ್ನೇನು ಭಯ ಎಂದು ಅಪ್ಪನಿಗೇ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಫಾರಂ ಓದುವ ದನಿಯಲ್ಲಿ, ಹೆಸರು ಹೇಳಿದರು. ತಂದೆಯ ಹೆಸರು ಹೇಳಿದರು. ಗ್ರಾಮ, ಅಂಚೆ, ಶನಿವಾರಸಂತೆ ಹೋಬಳಿ, ಸೋಮವಾರಪೇಟೆ ತಾಲ್ಲೂಕು, ಕೊಡಗು ಜಿಲ್ಲೆ.

‘ತಾಯಿಗೆ ತಿಂಗಳು ತಿಂಗಳು ಮನಿ ಆರ್ಡರ್ ಮಾಡುತ್ತಿದ್ದ. ಬರೆಯಲು ಬರುತ್ತಿರಲಿಲ್ಲ, ಫಾರಂ ನಾನೇ ತುಂಬುತ್ತಿದ್ದೆ. ಬೆರಳಿಗೆ ಯಾವಾಗಲೂ ನೀಲಿ ಪುಡಿ. ಒಂದು ಸಂಜೆ ಊಟಕ್ಕೆ ಕುಳಿತಾಗ ನಿನ್ನ ಉಗುರಿನ ಸಂದಿಯಲ್ಲಿ ಅದೇ ಪುಡಿ ಇತ್ತು. ಮುಂದಿನ ತಿಂಗಳು ಅವನನ್ನೇ ಕೇಳಿದೆ. ಹುಡುಗ ಬರುತ್ತಾನೆ ಸಾರ್, ದುಡ್ಡಿನ ಮೇಜಿಗೆ ಬಿಡುವುದಿಲ್ಲ ಎಂದ. ಸರಿ ಎಂದೆ.’

ಬರೆಯಲು ಬರುತ್ತಿರಲಿಲ್ಲ ಎಂಬ ಮಾತಿಗೆ ನಾನು ನಿಂತುಬಿಟ್ಟೆ. ಅಂಕ ಬರೆಯುವುದೇ ಅವರ ಕೆಲಸವಾಗಿತ್ತು. ಗೋಡೆಯ ಮೇಲಿನ ಮರದ ಪಟ್ಟಿಯಲ್ಲಿ ಹಿತ್ತಾಳೆಯ ಮುಳ್ಳು ಸರಿಸುತ್ತಿದ್ದದ್ದು ಮಾತ್ರ ನೋಡಿದ್ದೆ. ಕೈಯಲ್ಲಿ ಸೀಮೆಸುಣ್ಣವಾಗಲಿ ಪೆನ್ನಾಗಲಿ ಕಂಡ ನೆನಪಿಲ್ಲ.

ಅಪ್ಪನಿಗೆ ಮುಂದಿನದು ಗೊತ್ತಿಲ್ಲ. ಒಂದು ತಿಂಗಳು ಬಂದು, ‘ಇನ್ನು ಕಳುಹಿಸಲು ಅಲ್ಲಿ ಯಾರೂ ಇಲ್ಲ ಸಾರ್’ ಎಂದು ಹೇಳಿ ಹೋದರಂತೆ. ಅಷ್ಟಾದ ಮೇಲೆ ಕೌಂಟರಿಗೆ ಬರಲಿಲ್ಲ. ಗೆಳೆಯ ಶನಿವಾರಸಂತೆಯ ಕಡೆ ವಿಚಾರಿಸುತ್ತಿದ್ದಾನೆ. ಮನೆಯವರು ಯಾರಾದರೂ ಸಿಕ್ಕಿ ಒಪ್ಪುವ ತನಕ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಒಹಾಯೊದಲ್ಲಿ ಮಾತ್ರ ಬರೆಸಿಯಾಗಿದೆ. ಕಾರ್ಡು ತುಂಬಿಕೊಟ್ಟವರ ಗುರುಗಳಿಗೆಲ್ಲ ಕಿಟಕಿಯ ಪಕ್ಕ ಒಂದು ಸಣ್ಣ ಸಾಲು, ಒಬ್ಬೊಬ್ಬರಿಗೂ ಒಂದು ಬೆರಳಗಲದ ಹಿತ್ತಾಳೆ ಪಟ್ಟಿ, ಇಪ್ಪತ್ತೆಂಟು ಅಕ್ಷರಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಹೆಸರು ಮತ್ತು ಹಾಸನ ಎಂಬಷ್ಟಕ್ಕೇ ಜಾಗ ಮುಗಿಯಿತು. ಫೋಟೊ ತೆಗೆದು ಅಪ್ಪನಿಗೆ ಕಳುಹಿಸಿದೆ. ಮರುದಿನ ಫೋನ್ ಬಂತು.

‘ತಾಲ್ಲೂಕು ಬಿಟ್ಟಿದ್ದಾರೆ.’

ಜಾಗ ಸಾಲಲಿಲ್ಲ ಅಪ್ಪಾ ಎಂದೆ.

‘ಪಿನ್ ಕೋಡಾದರೂ ಹಾಕಿಸಬಾರದಿತ್ತೇ?’